ಓ ಎಂದೆ

ಕಾರಿಗೆ ಇಪ್ಪತ್ತು ವರ್ಷ. ನಂಬರಿನ ನಡುವೆ ಒಂದು ಸೊನ್ನೆ.
ಯಂತ್ರದ ಗುಂಡಿಗಳಲ್ಲಿ ದುಂಡಗಿನವು ಎರಡು.
ನಾನು ಒತ್ತಿದ್ದು ಇನ್ನೊಂದನ್ನು.
ಇಷ್ಟಕ್ಕೇ ಅಷ್ಟು ದಪ್ಪ ಕಡತ.

ಆಕ್ರಿಂಗ್ಟನ್‌ನಲ್ಲಿ, ಮುಚ್ಚಿದ ಕಾರ್ಪೆಟ್ ಅಂಗಡಿಯ ಹಿತ್ತಲು.
ಮಾರ್ಚಿಯಲ್ಲಿ ಅಪರೂಪಕ್ಕೆ ಬಂದ ಬಿಸಿಲು
ಬೇರೆಲ್ಲೂ ಜಾಗ ಸಿಗದವರ ಹಾಗೆ
ಯಂತ್ರದ ಗಾಜಿನ ಮೇಲೇ ಕೂತಿತ್ತು.
ಎರಡು ಪೌಂಡು ನಲವತ್ತು ಪೆನ್ಸ್ ನುಂಗಿ
ಅದು ನಾಲಗೆ ಚಾಚಿದಂತೆ ಚೀಟಿ ಕೊಟ್ಟಿತು.
ಹೋದೆ. ಬಂದೆ. ಮನೆಗೆ ಬಂದು ಟೀ ಕುಡಿದೆ.

ಹತ್ತು ದಿನಕ್ಕೆ ಕಾಗದ.
ನನ್ನ ಕಾರಿನ ಮುಖ, ನನ್ನ ಕಾರಿನ ಬೆನ್ನು,
ಠಾಣೆಯಲ್ಲಿ ಕಳ್ಳನನ್ನು ನಿಲ್ಲಿಸಿ ತೆಗೆಯುತ್ತಾರಲ್ಲ, ಹಾಗೆ.
ಈ ಗಾಡಿಗೆ ಯಾರೂ ಹಣ ಕಟ್ಟಿಲ್ಲ, ನೂರು ಪೌಂಡು,
ಬೇಗ ಕೊಟ್ಟರೆ ಅರವತ್ತು.
ಕೊಡದೆ ಇದ್ದಾಗ ನೂರಾ ಎಪ್ಪತ್ತು,
ಆಮೇಲೆ ಬಡ್ಡಿ, ಬಡ್ಡಿಯ ಬೆನ್ನಿಗೆ ವಕೀಲರ ಖರ್ಚು,
ಕೊನೆಗೆ ನಾರ್ತಾಂಪ್ಟನ್ನಿನಿಂದ ಕೋರ್ಟಿನ ಮೊಹರು.

ತಂಗಿ ಐಲ್ಸಾ ಅಂದಳು: ಬಿಸಾಕು ಅತ್ತ, ಪೀಡೆ ಕಳೆಯಲಿ.
ಎರಡು ರಾತ್ರಿ ಚೆಕ್ಕು ಬರೆದೆ, ಎರಡು ಬೆಳಗ್ಗೆ ಹರಿದೆ.
ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ
ಮುನ್ನೂರು ತಟ್ಟೆ ಎಣಿಸಿ ಬಡಿಸಿದ ಕೈ ಇದು.
ಎರಡನೇ ಸಲ ಪುಡಿಂಗ್ ಕೇಳಲು ಬಂದ ಹುಡುಗನ
ತುಟಿ ನೋಡಿಯೇ ಹೇಳುತ್ತಿದ್ದೆ, ನಿನಗೆ ಆಗಿದೆ, ನಡಿ.

ಅಷ್ಟರಲ್ಲಿ ಚೀಟಿಯ ಶಾಯಿ ಹಾರುತ್ತಿತ್ತು.
ಲೈಬ್ರರಿಯ ಮುನೀಬಾ ನಕಲು ಯಂತ್ರದ ಕಪ್ಪು
ಹೆಚ್ಚಿಸಿ ಹೆಚ್ಚಿಸಿ ಅಂಕಿಗಳನ್ನು ಎಬ್ಬಿಸಿದಳು,
ಮೂರ್ಛೆ ಹೋದವರ ಕೆನ್ನೆ ತಟ್ಟಿದ ಹಾಗೆ.
ಪ್ರತಿವಾದದಲ್ಲಿ ಅಳಬೇಡಿ ಅಂದಳು,
ಪ್ಯಾರಾಗಳಿಗೆ ನಂಬರು ಹಾಕಿ.
ಹಾಕಿದೆ. ಹದಿನಾಲ್ಕು. ಒಂಬತ್ತನೆಯದರಲ್ಲಿ ಸ್ವಲ್ಪ ಅತ್ತಿದ್ದೇನೆ,
ಅವಳು ಗಮನಿಸಲಿಲ್ಲ.

ಬರ್ನ್ಲಿಗೆ ಬಸ್ಸಿನಲ್ಲೇ ಹೋದೆ.
ಕೋರ್ಟಿನ ಪಕ್ಕದ ಪಾರ್ಕಿಂಗಿನಲ್ಲಿಯೂ
ಅದೇ ಕಂಪನಿಯ ಅದೇ ಹಳದಿ ಬೋರ್ಡು.
ಕರಿ ಗೌನಿನವನು ಬಾಗಿಲಲ್ಲಿ ನಿಂತು ಹೆಸರು ಕೂಗಿದ:
ಬೆರಿಲ್ ಓಲ್ಡ್‌ರಾಯ್ಡ್.
ಕೂಗಿದರೆ ಓಗೊಡಬೇಕು.
ಓ ಎಂದೆ. ಅಷ್ಟು ದೊಡ್ಡದಾಗಿ ಅನ್ನಬೇಕಿರಲಿಲ್ಲ,
ಎಲ್ಲರೂ ತಿರುಗಿದರು.
ಸೊನ್ನೆಯನ್ನು ಹಾಗೆ ಅನ್ನಲಿಕ್ಕೆ ಬರುವುದಿಲ್ಲ,
ಬಾಯಿ ತೆರೆದರೂ ಒಳಗೆ ಯಾರೂ ಇರುವುದಿಲ್ಲ.

ಕಂಪನಿಯ ಪರವಾಗಿ ಬಂದವನು ಎಳೆಯ ಹುಡುಗ,
ಶೂಗಳ ಹಿಮ್ಮಡಿ ಸವೆದಿತ್ತು.
ಕಡತವನ್ನು ರೈಲಿನಲ್ಲಿ ಮೊದಲ ಸಲ ಬಿಚ್ಚಿದ್ದಿರಬೇಕು;
ಅವನ ಹನ್ನೆರಡನೇ ಪುಟದಲ್ಲಿದ್ದದ್ದು ಯಾರದೋ ವ್ಯಾನು.
ನ್ಯಾಯಾಧೀಶೆಗೆ ನೆಗಡಿ. ಕರವಸ್ತ್ರದೊಳಗಿಂದಲೇ ಕೇಳಿದರು:
ಅಂದು ಎಲ್ಲಿಗೆ ಹೋಗುತ್ತಿದ್ದಿರಿ, ಮಿಸೆಸ್ ಓಲ್ಡ್‌ರಾಯ್ಡ್?
ಕಣ್ಣು ತೋರಿಸಲಿಕ್ಕೆ, ಮೇಡಂ.
ಮೊದಲು ನಕ್ಕವನು ಆ ಹುಡುಗನೇ,
ಆಮೇಲೆ ಕೆಮ್ಮಿದ ಹಾಗೆ ಮಾಡಿದ.

ಅವರು ಕಂಪನಿಯದೇ ಪಟ್ಟಿಯ ಮೇಲೆ ಬೆರಳಾಡಿಸುತ್ತ ಹೋದರು.
ಹನ್ನೊಂದು ಐವತ್ತೆರಡಕ್ಕೆ ಹಣ ಕೊಟ್ಟ ಕಾರೊಂದಿದೆ,
ಆ ಕಾರು ಒಳಗೆ ಬಂದೇ ಇಲ್ಲ.
ಒಳಗೆ ಬಂದ ಕಾರೊಂದಿದೆ, ಅದು ಹಣ ಕೊಟ್ಟೇ ಇಲ್ಲ.
ಇಡೀ ವರ್ಷದಲ್ಲಿ ನಿಮ್ಮಲ್ಲಿ ಯಾರಿಗೂ
ಇವೆರಡನ್ನೂ ಒಂದಕ್ಕೊಂದು ಪರಿಚಯ ಮಾಡಿಸೋಣ
ಅನ್ನಿಸಲಿಲ್ಲವೇ?
ಹುಡುಗ ಕಡತ ತಿರುವಿದ. ಮತ್ತೆ ವ್ಯಾನೇ ಸಿಕ್ಕಿತು.

ದಾವೆ ವಜಾ. ಬಸ್ಸಿನ ಚಾರ್ಜು ಕಂಪನಿಯೇ ಕೊಡತಕ್ಕದ್ದು.
ಹೊರಗೆ ಬಂದಾಗ ಕಾಲು ನಡುಗುತ್ತಿತ್ತು,
ಗೆದ್ದದ್ದಕ್ಕೆ ಅಲ್ಲ, ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ.
ಹುಡುಗ ಸ್ಟೇಷನ್ ಎಲ್ಲಿ ಎಂದು ಕೇಳಿದ, ತೋರಿಸಿದೆ.
ಅವನಿಗೂ ಹಸಿವಾಗಿತ್ತು. ನನಗೆ ತುಟಿ ನೋಡಿದರೆ ಗೊತ್ತಾಗುತ್ತದೆ.

ಆರು ವಾರಕ್ಕೆ ಚೆಕ್ಕು ಬಂತು, ಐದು ಪೌಂಡು ಇಪ್ಪತ್ತು.
ಹೊಸ ಕನ್ನಡಕ ಹಾಕಿಕೊಂಡು ಹೆಸರು ನೋಡಿದೆ.
ಮೊದಲ ಅಕ್ಷರ ಉಳಿದವುಗಳಿಗಿಂತ ಕೊಂಚ ಸಣಕಲು:
ಓ ಇರಬೇಕಾದಲ್ಲಿ ಸೊನ್ನೆ ಒತ್ತಿದ್ದಾರೆ.

ಬ್ಯಾಂಕಿನ ಹುಡುಗಿ ಚೆಕ್ಕು ನೋಡಿದಳು, ನನ್ನನ್ನು ನೋಡಿದಳು,
ಮಳೆ ನಿಂತಿತಾ ಎಂದು ಕೇಳುತ್ತಲೇ
ಮೊಹರು ಹಾಕಿಬಿಟ್ಟಳು.