ಎಷ್ಟು ರಾತ್ರಿ ಎಚ್ಚರ

ತೆಲಾವಿ ಪೇಟೆಯಲ್ಲಿ, ವೈನ್ ಪೀಪಾಯಿಯವನ ಪಕ್ಕ,
ನನ್ನ ಅಂಗಡಿ. ಮೊಬೈಲು, ಕವರು, ಕೇಬಲ್ಲು.
ಮೇ ತಿಂಗಳ ಒಂದು ಬೆಳಿಗ್ಗೆ ಉತುರ್ಗಾ ಬಂದ,
ಉಣ್ಣೆಟೋಪಿ ತೆಗೆದು ಗಾಜಿನ ಮೇಲಿಟ್ಟ;
ಅಂಗಡಿಯೆಲ್ಲ ಕುರಿಯ ವಾಸನೆ.

"ಎದೆಯೊಳಗೊಂದು ಕುಂಟು ಕುರಿ ಇದೆಯಂತೆ,
ಡಾಕ್ಟರು ಹೇಳಿದಳು. ಹಿಂಡಿನ ಜೊತೆ ನಡೆಯುತ್ತೆ, ನಡೆಯುತ್ತೆ,
ಇದ್ದಕ್ಕಿದ್ದಂತೆ ಎರಡು ಹೆಜ್ಜೆ ತಪ್ಪಿ
ಮೂರು ಹೆಜ್ಜೆ ಓಡುತ್ತೆ.
ಅದನ್ನು ಕಾಯುವ ಗಡಿಯಾರ ಕೊಡು, ಗೋಗೋ."

ಚಂದದ್ದನ್ನೇ ಮೊದಲು ತೆಗೆದೆ.
ಕರಿಗಾಜು, ಮುಟ್ಟಿದರೆ ಬಣ್ಣಗಳ ಸಂತೆ;
ಹೃದಯದ ಗೆರೆ ಬರೆಯುತ್ತೆ, ಉಸಿರೆಣಿಸುತ್ತೆ,
ಮಾತಾಡಿಸಿದರೆ ಮಾತಾಡುತ್ತೆ.

"ಎಷ್ಟು ರಾತ್ರಿ ಎಚ್ಚರ ಇರುತ್ತೆ?"

ಒಂದೂವರೆ, ಅಂದೆ. ನಾಚಿಕೆಯಾಯಿತು.

ಅವನು ಬೆರಳು ಮಡಚಿದ: ಆಲ್ವಾನಿಯಿಂದ ಘಟ್ಟದ ಬುಡಕ್ಕೆ ಮೂರು,
ಅಬಾನೋ ಹತ್ತಿ ಇಳಿಯಲು ಎರಡು, ಮಂಜು ಕವಿದರೆ ನಾಲ್ಕು,
ಆಮೇಲೆ ಹುಲ್ಲುಗಾವಲು,
ಕರೆಂಟಿನ ಕಂಬ ಕಾಣದ ಹುಲ್ಲುಗಾವಲು.
"ನಮ್ಮ ನಾಯಿಯೂ ದಿನಾ ಉಣ್ಣುತ್ತೆ.
ಉಣ್ಣುವಾಗಲೂ ಅದರ ಒಂದು ಕಿವಿ ತೋಳದ ಕಡೆ.
ಇದು ಉಣ್ಣೋದಕ್ಕೆ ಕೈಯಿಂದ ಇಳೀಬೇಕು."

ಕೆಳಗಿನ ಖಾನೆಯಿಂದ, ಯಾರೂ ಕೇಳದ್ದು ತೆಗೆದೆ:
ಬೂದಿ ಬಣ್ಣ, ದಪ್ಪ ಬಕಲು, ಮಂಕು ಮುಖ.
ನಾಡಿ ಎಣಿಸುತ್ತೆ, ಲಯ ತಪ್ಪಿದರೆ ಅದುರುತ್ತೆ. ಅಷ್ಟೇ.
ಇಪ್ಪತ್ತೆರಡು ರಾತ್ರಿ.
ಆಸ್ಪತ್ರೆಯ ಯಂತ್ರದಷ್ಟು ನಂಬಬೇಡಿ, ಅದನ್ನೂ ಹೇಳಿದೆ.
"ಆಸ್ಪತ್ರೆಯದನ್ನೂ ಅಷ್ಟು ನಂಬಲ್ಲ," ಅಂದ.

ಪರೀಕ್ಷೆಗೆಂದು ಮೊದಲು ನನ್ನ ಕೈಗೇ ಕಟ್ಟಿದ.
ನೂರ ಹನ್ನೆರಡು.
ನಿಂತಲ್ಲೇ ನಿಂತವಳಿಗೆ! ಕೌಂಟರಿನ ಹಿಂದೆ!
ಅಂಕಿ ನೋಡಿದ, ನನ್ನ ನೋಡಿದ,
ಬ್ಯಾಂಕಿನ ಕಾಗದ ಬಿದ್ದಿದ್ದ ಮೂಲೆ ನೋಡಿದ,
ಏನೂ ಕೇಳಲಿಲ್ಲ.
ಒಂದು ತೆತ್ರಿಯೂ ಚೌಕಾಸಿ ಮಾಡದೆ ಹಣ ಎಣಿಸಿದ.

ಅಕ್ಟೋಬರಿನಲ್ಲಿ ಹಿಂಡು ಇಳಿಯಿತು.
ಪಟ್ಟಿಯನ್ನು ಕುರಿಮರಿ ಅಗಿದಿತ್ತು, ಹೊಸದು ಬೇಕಿತ್ತು.
ಇಪ್ಪತ್ತು ದಿನಕ್ಕೊಮ್ಮೆ ಒಮಾಲೋದವರೆಗೆ ನಡೆದು
ಯಾರದೋ ಸೋಲಾರ್ ಹಲಗೆಯಿಂದ ಉಣಿಸಿದನಂತೆ.
"ಒಂದೇ ಸಲ ಎಬ್ಬಿಸಿತು, ಆಗಸ್ಟಿನಲ್ಲಿ, ನಡುರಾತ್ರಿ.
ತೋಳವೆಂದು ಕೋಲು ಹಿಡಿದು ಹೊರಬಂದೆ.
ತೋಳ ಇಲ್ಲ. ನಾಯಿಗಳು ಮಲಗಿದ್ದವು.
ನನ್ನೊಳಗಿನದೇ ಅಂತ ಗೊತ್ತಾಗಿ
ಕಲ್ಲಿನ ಮೇಲೆ ಕೂತೆ,
ಕುಂಟು ಕುರಿ ಸಾಲಿಗೆ ಮರಳುವವರೆಗೆ."

ಪಟ್ಟಿ ಬದಲಿಸುತ್ತಿದ್ದೆ.
ಅವನು ಗಡಿಯಾರ ತಗೊಂಡು ನನ್ನ ಮಣಿಕಟ್ಟಿಗೆ ಕೈ ಚಾಚಿದ:
"ಈಗ ನಿನ್ನದು ಎಷ್ಟು, ಗೋಗೋ?"