ಮೂರು ಗೀಟು

ಕೊಪ್ಪದವರ ಅಡತಿ ಅಂಗಡಿ ಅಂತಾರ ಇನ್ನೂ,
ಅಡತಿ ಮುಚ್ಚಿ ಎಪ್ಪತ್ತು ವರ್ಷಾದರೂ.
ಹುನಗುಂದದ ಬಸ್ಸು ತಿರುಗೂ ಕಡೆ
ಕೆಂಪು ಕಲ್ಲಿನ ಎರಡಂತಸ್ತು,
ನೆತ್ತಿ ಮ್ಯಾಲ ಗಾರಿಯ ಎರಡು ಗಿಳಿ, ನಡುವ ೧೯೧೬.
ಒಂದು ಗಿಳಿಗೆ ಕೊಕ್ಕಿಲ್ಲ.

ಮುಂದಿನ ಖೋಲಿ ಬಾಡಿಗಿ ಹಿಡದೆ. ಎರಡು ಮಶಿನ್,
ಖಣದ ಕುಬಸ, ಸಾಲಿ ಹುಡುಗರ ಅಂಗಿ, ಪಿಕೋ ಫಾಲ್.
ಹೊಸ್ತಿಲ ಕಲ್ಲು ನಡುವ ಸವದು ಗಂಗಾಳ ಆಗೇತಿ,
ನೀರು ಚೆಲ್ಲಿದರ ಅಲ್ಲೇ ನಿಂತು ಆಕಾಶ ತೋರಸತೈತಿ.
ಸವಸಿದ ಕಾಲಾಗ ನಮ್ಮ ಮುತ್ಯಾಂದೂ ಒಂದು ಜೋಡಿ,
ಹಮಾಲ ಯಮನೂರಪ್ಪ.
ಗಾಡಿ ಇಳಿಸಿದರ ಒಂದೂವರೆ ಆಣೆ.

ಹತ್ತಿ, ಶೇಂಗಾ, ಕುಸುಬಿ.
ದರಾ ಬಾಯಿಲೆ ಆಡತಿದ್ದಿಲ್ಲ ಅಂತಿದ್ದ ಮುತ್ಯಾ,
ಶಲ್ಯದ ಕೆಳಗ ಬೆರಳು ಬೆರಳಾ ಹಿಚುಕತಿದ್ವು,
ಮಾರಿ ಎರಡೂ ಗ್ವಾಡಿ ನೋಡತಿದ್ವು.
ಒಳಗ ಏನು ಮಾತಾತು ಹಮಾಲಗ ಗೊತ್ತಿಲ್ಲ.
ಹತ್ತಿ ಹಗುರಲ್ಲ ಅನ್ನೂದಷ್ಟ ಅವನ ಬೆನ್ನಿಗೆ ಗೊತ್ತು.

ಬಣ್ಣದ ಮೌಲಾಲಿ ಹಳೇ ಸುಣ್ಣ ಕೆರಿಯೂವಾಗ
ಬಾಗಲದ ಹಿಂದ, ಎದಿಮಟ್ಟಕ್ಕ,
ಇದ್ದಲಿ ಗೀಟು ಎದ್ದು ಬಂದ್ವು.
ಓದು ಬರದವರ ಖಾತೆ: ಗಾಡಿಗೊಂದು ಗೀಟು,
ರೊಕ್ಕಾ ಮುಟ್ಟಿದರ ಮ್ಯಾಲ ಅಡ್ಡಗೀಟು.
ಸಾಲಿನ ತುದಿಗೆ ಒಬ್ಬೊಬ್ಬರ ಗುರುತು,
ಚಂದ್ರ, ಚೇಳು, ಬಾಚಣಿಗಿ.
ಕುಡಗೋಲು ಮುತ್ಯಾಂದು.
"ಇದರ ಮ್ಯಾಲ ಬಳೀಲೇನ್ರೀ?"
ತಡಿ ಅಂದೆ. ಎಣಿಸಿದೆ.
ಎಲ್ಲಾದಕ್ಕೂ ಅಡ್ಡ ಬಿದ್ದಾವ,
ಕಡೀ ಮೂರು ಬಿಟ್ಟು.

ಸಾವಕಾರ್ರ ಕಿರ್ದಿ ಪೆಟ್ಟಿಗಿ ತುಂಬಿ ಸೊಲ್ಲಾಪುರಕ್ಕ ಹೋದ್ವಂತ.
ಗ್ವಾಡಿ ಎಲ್ಲಿಗೆ ಹೋಗಬೇಕು.

ತಿಂಗಳು ತುಂಬಿತು. ಮೊಮ್ಮಗ ಪ್ರಭುಲಿಂಗ ಕೊಪ್ಪದ ಬಂದ,
ಬಾಡಿಗಿ ಎಣಿಸಿದ, ತಿರುಗಿ ಎಣಿಸಿದ.
"ಒಂದು ರೂಪಾಯಿ ಕಡಿಮಿ ಐತಲ್ಲ?"
ನಾಲ್ಕೂವರೆ ಆಣೆ ನಿಮ್ಮ ಕಡೆ ಬಾಕಿ ಇತ್ತು,
ಉಳದದ್ದಕ್ಕ ಚಿಲ್ಲರ ಇಲ್ಲ ಅಂದೆ.
ಬಾಗಲದ ಹಿಂದ ಹ್ವಾದ. ಚಸ್ಮಾ ಏರಿಸಿ,
ಒಂದೊಂದು ಗೀಟಿಗೂ ಬೆರಳು ಮುಟ್ಟಿಸಿ,
ಎಷ್ಟೊತ್ತು ನಿಂತಿದ್ದನೋ.

"ಬಡ್ಡಿ ಹಿಡದೇ ಇಲ್ಲಲ್ಲ ನೀ?" ಅಂದ.

ನಗತಾನೋ, ಖರೇನ ಕೇಳತಾನೋ, ತಿಳೀಲಿಲ್ಲ.
ತೊಡಿ ಮ್ಯಾಲ ಅರ್ಧ ಹೊಲಿದ ಖಣ ಇತ್ತು.
ಅದರ ಕೆಳಗ ನನ್ನ ಬೆರಳು
ತಾವ ಮಡಚಿ
ಏನೋ ಒಂದು ದರಾ ಹಿಡದಿದ್ವು.
ಬಾಯಿಬಿಡಲಿಲ್ಲ.
ಗ್ವಾಡಿ ನೋಡಕೋತ ಮಶಿನ್ ತುಳದೆ.