ಎರಡು ದಿನ ಖಾಲಿ ಬಿಡಿ

ನಿಮ್ಮ ಹದಿನಾಲ್ಕು ಪ್ರಶ್ನೆಗಳೂ ತಲುಪಿದವು, ಮಹಾಶಯರೇ.
ಉತ್ತರ ಬರೆಯುತ್ತೇನೆ, ನಿಮ್ಮ ಅಂಕಿಗಳ ಸಾಲಿನಲ್ಲಲ್ಲ.
ಒಲೆಯ ಮೇಲೆ ಅನ್ನವಿದೆ, ನಡುನಡುವೆ ಏಳಬೇಕು ನಾನು.

ಮಳೆ ನಿಂತ ಮೇಲೆ ಬರುತ್ತೇನೆ ಎಂದಿದ್ದೀರಿ.
ಮಡಗಾಸ್ಕರಿನ ಈ ಮೂಲೆಯಲ್ಲಿ ಮಳೆ ನಿಲ್ಲುವುದಿಲ್ಲ,
ದಣಿವಾರಿಸಿಕೊಳ್ಳುತ್ತದೆ, ಸೆಪ್ಟೆಂಬರಿನಿಂದ ನವೆಂಬರಿನವರೆಗೆ.
ತಿಮಿಂಗಿಲ ನೋಡಬೇಕಾದರೆ ಇನ್ನೂ ಮೊದಲು, ಆಗಸ್ಟಿನಲ್ಲಿ ಬನ್ನಿ,
ಬಾಣಂತನಕ್ಕೆ ತವರಿಗೆ ಬಂದ ಹಾಗೆ
ನಮ್ಮ ಕೊಲ್ಲಿಗೆ ಬಂದಿರುತ್ತವೆ ಅವು.
ಜನವರಿ ಬೇಡ, ಫೆಬ್ರುವರಿ ಬೇಡ, ಮಾರ್ಚ್ ಅಂತೂ ಬೇಡವೇ ಬೇಡ.
ಆಗ ಬೀಸುವ ಗಾಳಿಗೆ ಹೆಸರಿಡುತ್ತಾರೆ,
ನಾವು ಮಕ್ಕಳ ವಯಸ್ಸನ್ನು ಆ ಹೆಸರುಗಳಲ್ಲೇ ಎಣಿಸುತ್ತೇವೆ.
ನನ್ನ ಕಿರಿಯವಳು ಹುಟ್ಟಿದ ವರ್ಷ ಹಾರಿಹೋದ ತಗಡು
ಪಕ್ಕದೂರಿನಲ್ಲೊಂದು ಕೋಳಿಗೂಡಿನ ಮೇಲಿದೆ.
ಗುರುತು ಹೇಳಿದೆ. ಕೊಡಲಿಲ್ಲ.

ದುಡ್ಡು ಸಣ್ಣ ನೋಟುಗಳಲ್ಲಿ ತನ್ನಿ.
ದೊಡ್ಡದು ಕೊಟ್ಟರೆ ಬಾಳೆಹಣ್ಣಿನವಳು
ಚಿಲ್ಲರೆಗಾಗಿ ಸಂತೆಯೆಲ್ಲ ಸುತ್ತಿ ಬರುವಷ್ಟರಲ್ಲಿ
ಹಣ್ಣಿನ ಮೇಲೆ ಇನ್ನೆರಡು ಕಪ್ಪು ಚುಕ್ಕೆ ಎದ್ದಿರುತ್ತವೆ.
ಯಂತ್ರದಿಂದ ತೆಗೆದುಕೊಳ್ಳುತ್ತೀರಾ? ಯಂತ್ರವೂ ಉಂಟು.
ಕಾವಲುಗಾರ ಒದ್ದೆ ಕೊಡೆಯನ್ನು ಅದಕ್ಕೇ ತೂಗುಹಾಕುತ್ತಾನೆ.

ಮಲೇರಿಯಾ ಮಾತ್ರೆಯ ವಿಷಯ ವೈದ್ಯರನ್ನು ಕೇಳಿ, ನನ್ನನ್ನಲ್ಲ,
ಅದೂ ಹೊರಡುವ ಹಿಂದಿನ ಸಂಜೆಯಲ್ಲ.

ತಡೆಯಿರಿ.

ಅನ್ನ ತಳ ಹಿಡಿಯಿತು. ಚಿಂತೆಯಿಲ್ಲ,
ಅದಕ್ಕೇ ನೀರು ಹುಯ್ದು ಕುದಿಸಿದರೆ ನಿಮ್ಮ ಆರನೆಯ ಪ್ರಶ್ನೆಗೆ ಉತ್ತರ.
ಹೊಗೆ ವಾಸನೆಯ ಆ ಕಂದು ನೀರನ್ನು ನಾವು ಬೆಳ್ಳಿನೀರು ಎನ್ನುತ್ತೇವೆ.
ಮೊದಲ ದಿನ ಮುಖ ಸಿಂಡರಿಸುತ್ತೀರಿ,
ಮೂರನೆಯ ದಿನ ಲೋಟ ಹಿಡಿದು ನೀವೇ ಅಡುಗೆಮನೆಗೆ ಬರುತ್ತೀರಿ.

ಸಮಾಧಿಗಳ ಕಡೆ ಬೆರಳು ಚಾಚಬೇಡಿ,
ಗೆಣ್ಣು ಮಡಚಿ ತೋರಿಸಿ.
ಯಾಕೆ ಎಂದು ಕೇಳಿದರೆ ನನಗೂ ಗೊತ್ತಿಲ್ಲ.
ದೀಪ ಹಚ್ಚಿದ ಮೇಲೆ ಉಗುರು ಕತ್ತರಿಸಬೇಡ ಎಂದು
ನಿಮ್ಮ ಮನೆಯಲ್ಲೂ ಯಾರೋ ಅಂದಿರಬೇಕಲ್ಲ, ಹಾಗೆ.

ದೋಣಿ ಬುತುವೆಲುವಿನದು.
ಬೆಳಗಿನ ಜಾವ ದಡದಲ್ಲಿ ನಿಲ್ಲುತ್ತಾನೆ, ಪಾದ ಮುಳುಗುವಷ್ಟು ನೀರಿನಲ್ಲಿ,
ಬಹಳ ಹೊತ್ತು.
ಇವತ್ತಿಲ್ಲ ಎಂದರೆ ಇವತ್ತಿಲ್ಲ.
ಆಕಾಶ ತಿಳಿಯಾಗಿದೆಯಲ್ಲ ಎಂದು ವಾದಿಸಬೇಡಿ,
ಎರಡರಷ್ಟು ಬಾಡಿಗೆ ಎಣಿಸಿ ತೋರಿಸಬೇಡಿ.
ಅವನ ಅಣ್ಣನಿಗೆ ಒಮ್ಮೆ ಯಾರೋ ತೋರಿಸಿದ್ದರು.

ಈಗ ನೀವು ಕೇಳದೆ ಬಿಟ್ಟ ಪ್ರಶ್ನೆ.
ನಿಮ್ಮ ಪಟ್ಟಿಯಲ್ಲಿ ಹನ್ನೊಂದು ದಿನಗಳಿವೆ,
ಹನ್ನೊಂದೂ ಹೌಸ್‌ಫುಲ್.
ಮಂಗಳವಾರ ಕಾಡು, ಬುಧವಾರ ದ್ವೀಪ,
ಗುರುವಾರ ನಾಲ್ಕೂವರೆಗೆ ವಿಮಾನ.
ಎರಡು ದಿನಗಳನ್ನು ಅಳಿಸಿ. ಅಲ್ಲಿ ಏನೂ ಬರೆಯಬೇಡಿ.

ಹಿಂದೊಮ್ಮೆ ನಾರ್ವೆಯಿಂದ ಒಬ್ಬಾಕೆ ಬಂದಿದ್ದರು,
ತೂರ್ಬ್ಯೋರ್ಗ್ ಎಂದು. ನಮ್ಮ ನಾಲಿಗೆಗೆ ದಕ್ಕದೆ ತೂರಾ ಎಂದೆವು.
ವಿಮಾನ ಬರಲಿಲ್ಲ. ನಾಲ್ಕು ದಿನ.
ಮೊದಲ ದಿನ ಕಚೇರಿಯ ಹುಡುಗನ ಮೇಲೆ ಕೂಗಾಡಿದರು,
ಮರುದಿನ ಪೆಟ್ಟಿಗೆ ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚಿದರು.
ಮೂರನೆಯ ದಿನ ಬೆಳಿಗ್ಗೆ ಬಂದು
ಸೂಜಿ ಇದೆಯೇ ಎಂದು ಕೈಸನ್ನೆಯಲ್ಲಿ ಕೇಳಿದರು.
ನನ್ನಲ್ಲಿದ್ದದ್ದು ನೀಲಿ ದಾರ ಮಾತ್ರ.
ಜಗಲಿಯಲ್ಲಿ ಕೂತು, ಏಳು ಕೋಣೆಗಳ ಏಳು ಸೊಳ್ಳೆಪರದೆಗಳನ್ನೂ
ಮಡಿಲಿಗೆ ಎಳೆದುಕೊಂಡು ಒಂದೊಂದೇ ತೂತು ಹೊಲಿದರು.
ನನ್ನ ಮಗಳು ಪಕ್ಕದಲ್ಲಿ ಕೂತು ಎಣಿಸುತ್ತಿದ್ದಳು, ನಮ್ಮ ಭಾಷೆಯಲ್ಲಿ.
ಐವತ್ತು ದಾಟುವಾಗ ಆಕೆಯೂ ಜೊತೆಗೆ ಎಣಿಸುತ್ತಿದ್ದರು.
ವಿಮಾನ ಬಂತೆಂದು ಹುಡುಗ ಸೈಕಲ್ಲಿನಲ್ಲಿ ಓಡಿಬಂದಾಗ
ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ,
ಇರು ಇರು, ಇದೊಂದು ಎಂದರು.

ಸೊಳ್ಳೆಪರದೆ ತರಬೇಕೇ ಎಂಬುದು ನಿಮ್ಮ ಒಂಬತ್ತನೆಯ ಪ್ರಶ್ನೆ.
ಬೇಡ.
ನಿಮ್ಮ ಕೋಣೆಯದರಲ್ಲಿ ಹೊಸದಾಗಿ ನಾಲ್ಕು ತೂತು ಬಿದ್ದಿವೆ,
ಸೂಜಿ ಇಲ್ಲಿದೆ.
ದಾರ ಮುಗಿದಿದೆ. ಒಂದು ಉಂಡೆ ತನ್ನಿ.
ನೀಲಿಯದೇ ಆಗಲಿ.

ಇಂತಿ,
ಸುವಾಜಾರ